ಪಾರುಪತ್ಯಗಾರ

ಮೂವತ್ತೊಂದು ಕೊಯ್ಲು ತೂಗಿದ್ದೇನೆ ನಾನು.
ಕೊಕ್ಕೆಗೆ ಚೀಲ ಸಿಕ್ಕಿಸಿ
ಮುಳ್ಳು ನಡುಗಿ ನಿಲ್ಲುವ ತನಕ ಉಸಿರು ಹಿಡಿದು,
ಗೋಣಿಗೆ ಅರ್ಧ ಕಿಲೋ, ಇಬ್ಬನಿಗೆ ಅರ್ಧ ಕಿಲೋ ಕಳೆದು
ಹೆಸರಿನ ಮುಂದೆ ಅಂಕಿ ಬರೆದಿದ್ದೇನೆ.
ಸಿದ್ದಾಪುರದ ಸುತ್ತ ನನ್ನನ್ನು
ಇನ್ನಾಸಪ್ಪ ಎಂದು ಕರೆಯುವವರು ಕಡಿಮೆ;
ರೈಟರು ಎಂದರೆ ಎಲ್ಲರಿಗೂ ಗೊತ್ತು.

ಅದಕ್ಕೇ ಇರಬೇಕು,
ದ್ರಾಕ್ಷಿ ತೋಟದ ಆ ಕತೆ
ಮೂರು ವರ್ಷಕ್ಕೊಮ್ಮೆ ಪೂಜೆಯಲ್ಲಿ ಓದುವಾಗ
ಬೆಂಚಿನ ಮೇಲೆ ನನಗೆ ಕೂರಲಾಗುತ್ತಿರಲಿಲ್ಲ.
ಮುಂಜಾನೆ ಬಂದವನಿಗೂ ಒಂದು ನಾಣ್ಯ,
ಹೊತ್ತು ಮುಳುಗುವಾಗ ಬಂದವನಿಗೂ ಒಂದು ನಾಣ್ಯ.
ಇದ್ಯಾವ ಲೆಕ್ಕ ಸ್ವಾಮಿ?
ನಮ್ಮ ತೋಟದಲ್ಲಿ ಹೀಗೆ ಒಂದು ದಿನ ಬಟವಾಡೆ ಮಾಡಿದರೆ
ಮರುದಿನ ಏಳು ಗಂಟೆಗೆ ಬರುವವರು ಯಾರು?
ಪಾದ್ರಿಗಳು ಕೃಪೆ ಎನ್ನುತ್ತಿದ್ದರು.
ನಾನು ಮನಸ್ಸಿನಲ್ಲೇ ಕೂಡಿ ಕಳೆದು
ತಾಳೆಯಾಗದೆ
ಕಾಣಿಕೆ ಚೀಲಕ್ಕೆ ಹತ್ತು ರೂಪಾಯಿ ಹಾಕಿ ಎದ್ದು ಬರುತ್ತಿದ್ದೆ.

ಈ ಫೆಬ್ರವರಿ, ರೋಬಸ್ಟಾ ಒಮ್ಮೆಗೇ ಕೆಂಪಾಗಿ
ಕಣದಲ್ಲಿ ಕಾಲಿಡಲು ಜಾಗವಿಲ್ಲದ ವಾರ,
ಕಾರ್ಬನ್ ಹಾಳೆ ಮುಗಿದು ಸಂಜೆ ಪೇಟೆಗೆ ಇಳಿದೆ.
ಐದು ಗಂಟೆ.
ಐದು ಗಂಟೆಗೆ ನಮ್ಮ ಕಡೆ ಯಾರೂ ಆಳು ಹುಡುಕುವುದಿಲ್ಲ.
ಹೊಳೆಯಾಚೆಯಿಂದ ಆನೆ ದಾಟುವ ಹೊತ್ತದು;
ನಾಲ್ಕೂವರೆಗೇ ಸೀಟಿ ಊದಿ
ಹೆಂಗಸರನ್ನು ಲೈನಿಗೆ ಕಳಿಸುತ್ತೇವೆ.

ಕೂಡುರಸ್ತೆಯಲ್ಲಿ, ಜೀಪು ನಿಲ್ಲುವ ಜಾಗದಲ್ಲಿ
ಚೋಮಿ ನಿಂತಿದ್ದಳು.
ಸೊಂಟಕ್ಕೆ ಕಟ್ಟಿದ ಗೋಣಿ ಬಿಚ್ಚಿರಲಿಲ್ಲ.
ಬುತ್ತಿ ಡಬ್ಬಿ ಕಂಕುಳಲ್ಲಿ.
ಬೆಳಿಗ್ಗೆ ನೋಡಿದ್ದ ಜಾಗದಿಂದ
ನೆರಳಿನ ಹಿಂದೆ ನಾಲ್ಕು ಹೆಜ್ಜೆ ಸರಿದಿದ್ದಳು, ಅಷ್ಟೆ.
"ಇನ್ನೂ ಇಲ್ಲೇ ಇದ್ದೀಯಲ್ಲ, ಮನೆಗೆ ಹೋಗಬಾರದ?"
"ಹೋದರೆ ದಿನ ಮುಗಿದುಬಿಡ್ತದಲ್ಲ ರೈಟರೇ."

ಕಾರ್ಬನ್ ಹಾಳೆ ತರುವುದು ಮರೆತೆ.

ರಾತ್ರಿ ಮತ್ತಾಯನ ಇಪ್ಪತ್ತನೇ ಅಧ್ಯಾಯ ತೆಗೆದೆ.
ನಾಣ್ಯದ ಲೆಕ್ಕ ಬಿಟ್ಟು ಈ ಸಲ
ಹೊತ್ತಿನ ಲೆಕ್ಕ ಹಿಡಿದೆ.
ಐದು ಸಲ ಸಂತೆಬೀದಿಗೆ ಹೋಗುತ್ತಾನೆ ಯಜಮಾನ.
ಒಂದು ಗಂಟೆಯಲ್ಲಿ ಎಷ್ಟು ಗೊನೆ ಕಿತ್ತಾರು ಬಂದವರು?
ಐದನೇ ಸಲ ಅವನು ಹೋದದ್ದು ದ್ರಾಕ್ಷಿಗಾಗಿ ಅಲ್ಲ.
ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ
ಯಾರೂ ಕರೆಯಲಿಲ್ಲ ಎನ್ನುತ್ತಾರೆ.
ಯಾರೂ ಎಂದರೆ ಯಾರು?
ತೋಳು ನೋಡಿ, ವಯಸ್ಸು ನೋಡಿ,
ಬಸುರಿಯನ್ನು ದಾಟಿ, ಕುಂಟ ರಾಯಪ್ಪನನ್ನು ದಾಟಿ,
ಕೆಮ್ಮುವ ಚೋಮಿಯನ್ನು ದಾಟಿ
ನೀನು, ನೀನು ಎಂದು ಬೆರಳು ತೋರಿಸಿದ್ದು ಯಾರು?
ಜೀಪಿನಲ್ಲಿ ಹಿಡಿಸುವುದು ಹದಿನಾಲ್ಕೇ ಜನ ಎಂದದ್ದು?

ಆಮೇಲೆ ಒಂದು ಸಾಲು ಸಿಕ್ಕಿತು,
ಅದುವರೆಗೆ ಕಣ್ಣಿಗೆ ಬೀಳದ್ದು.
ಸಂಜೆ ಯಜಮಾನ ತಾನೇ ಕೂಲಿ ಕೊಡುವುದಿಲ್ಲ,
ಪಾರುಪತ್ಯಗಾರನನ್ನು ಕರೆದು ಹೇಳುತ್ತಾನೆ.
ಗೊಣಗಿದವರ ಮಾತಿದೆ, ಯಜಮಾನನ ಮಾತಿದೆ,
ನಡುವೆ ಹಣದ ಚೀಲ ಹಿಡಿದು ನಿಂತವನಿಗೆ
ಹೆಸರಿಲ್ಲ. ಏನೆಂದುಕೊಂಡನೋ ಬರೆದಿಲ್ಲ.
ಆದರೆ ಕೊನೆಗೆ ಬಂದವನ ಅಂಗೈ
ಮೊದಲು ಕಂಡದ್ದು ಅವನಿಗೇ.
ಹಣ್ಣಿನ ಕಲೆಯಿಲ್ಲದ್ದು,
ಇಡೀ ಹಗಲು ತೆರೆದೇ ಇದ್ದದ್ದು.

ಸೋಮವಾರ ಮಂಜಿನಲ್ಲಿ ಜೀಪು ನಿಂತಾಗ
ಹಿಂದಿನ ಸಾಲಿನಿಂದ ಕರೆಯತೊಡಗಿದೆ.
ಧಣಿ ಏನೆನ್ನುತ್ತಾರೋ ಗೊತ್ತಿಲ್ಲ;
ಅವರು ಆ ಯಜಮಾನನಲ್ಲ.
ಸೀಟೂ ಹದಿನಾಲ್ಕೇ.
ಮುಂದೆ ನಿಂತಿದ್ದ ಗಟ್ಟಿ ತೋಳಿನವರು ಗೊಣಗಿದರು:
"ಇದ್ಯಾವ ಲೆಕ್ಕ ರೈಟರೇ?"

ಆ ದನಿಯ ಗುರುತು ಹತ್ತಿತು.
ಇಷ್ಟು ವರ್ಷ ಬೆಂಚಿನ ಮೇಲೆ
ನನ್ನ ಅಂಗಿ ತೊಟ್ಟು ಕೂತಿದ್ದದ್ದು.

ಚೋಮಿ ಜೀಪು ಹತ್ತುವಾಗ ಕೈ ಕೊಟ್ಟೆ.
ತೂಕವೇ ಇರಲಿಲ್ಲ.