ಐನೂರ ಐವತ್ತು

ಬೆಳಗ್ಗೆ ಎಂಟಕ್ಕೇ ಲಮಾರಾಳ ಫೋನು:
"ನಿನ್ನ ಸರ್ವರಿಗೆ ಮತ್ತೆ ಹೊಟ್ಟೆನೋವು."
ಮಂಗಳವಾರದಿಂದ ಒಂದು ತೂಕದ ಚೀಟಿಯೂ
ಬ್ಯಾಂಕಿಗೆ ಹೋಗಿಲ್ಲ.
ಚೀಟಿ ಹೋಗದೆ ದುಡ್ಡು ಬರುವುದಿಲ್ಲ,
ದುಡ್ಡು ಬಾರದೆ, ಹೇಝಲ್‌ನಟ್ ಚೀಲಗಳ ಮೇಲೆ ಕೂತವರು
ಏಳುವುದಿಲ್ಲ.

ಜುಗ್ದಿದಿ, ಆಗಸ್ಟಿನ ಕೊನೆ.
ಅಂಗಳದ ತುಂಬ ಹಳೇ ನಿವಾ ಕಾರುಗಳು,
ಸಿಪ್ಪೆಯ ಧೂಳು ಕೀಬೋರ್ಡಿನ ಸಂದುಗಳಲ್ಲೂ.
ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಸರ್ವರು,
ಅದರ ತಲೆಯ ಮೇಲೆ ಯಾರೋ ಒಣಗಲಿಟ್ಟ ಮೆಣಸಿನಕಾಯಿ.
ಎಷ್ಟು ಸಲ ಹೇಳಿದ್ದೇನೆ.

ಲಾಗಿನಲ್ಲಿ ಒಂದೇ ಸಾಲು, ಮುನ್ನೂರ ಹನ್ನೆರಡು ಸಲ:
ಐನೂರ ಐವತ್ತು. ರಿಲೇ ಇಲ್ಲ.
ಬೈಗುಳವಲ್ಲ, ಸಿಟ್ಟೂ ಅಲ್ಲ.
ಗಂಟಲಿಲ್ಲದವರು ಹೇಳುವ ಇಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ.
ಆರಿಸಿ ಹಚ್ಚಿದೆ. ಕೇಬಲ್ಲು ಕಿತ್ತು ಮತ್ತೆ ಚುಚ್ಚಿದೆ.
ಇಂಟರ್ನೆಟ್ಟಿನವನಿಗೆ ಬೈದೆ, ಅವನು ವಾಪಸ್ ಬೈದ,
ಇಬ್ಬರಿಗೂ ಸ್ವಲ್ಪ ಹಗುರವಾಯಿತು.

ಆಮೇಲೆ ರಸ್ತೆ ದಾಟಿ, ತಕ್ಕಡಿಯ ಪಕ್ಕ ಲ್ಯಾಪ್‌ಟಾಪು ಬಿಚ್ಚಿ,
ತಕ್ಕಡಿ ಆಡುವ ಮಾತನ್ನು
ನಾನೇ ಬೆರಳಿಂದ ಆಡಿ ನೋಡಿದೆ.

ಹೆಲೋ, ಅಂದೆ.
ಹೆಲೋ, ಅಂದಿತು.
ಈ ಕಾಗದ ತಕ್ಕಡಿಯದು.
ಸರಿ.
ಹೋಗಬೇಕಾದ್ದು ತ್ಬಿಲಿಸಿಗೆ, ಬ್ಯಾಂಕಿಗೆ.
ಐನೂರ ಐವತ್ತು.

ನೋಡಿ ಅದರ ಮರ್ಯಾದೆ:
ಯಾರು ಎಂದು ಕೇಳಿ ತಲೆದೂಗುತ್ತದೆ,
ಎಲ್ಲಿಗೆ ಎಂದಕೂಡಲೇ ಬಾಗಿಲು.

ತೂಕದ ಜುಂಬೆರ್ ನನ್ನ ಹೆಗಲ ಮೇಲಿಂದ ಬಗ್ಗಿ,
"ಏನಂತೆ?"
ಒಂದೇ ನಿಯಮ, ಅಂದೆ.
ಒಂದೋ ಕಳಿಸಿದವನು ನಮ್ಮವನಾಗಿರಬೇಕು,
ಇಲ್ಲಾ ಸೇರುವ ಮನೆ ನಮ್ಮದಾಗಿರಬೇಕು.
ಎರಡೂ ಅಲ್ಲದ್ದನ್ನು ಅದು ಮುಟ್ಟುವುದಿಲ್ಲ.

ಜುಂಬೆರ್ ನಗಲಿಲ್ಲ.
ಅವನ ಮನೆ ಎಂಗುರಿ ಹೊಳೆಯ ಆಚೆ.
ಸೇತುವೆ ದಾಟುವಾಗಲೆಲ್ಲ ಈ ಪ್ರಶ್ನೆಗಳನ್ನು
ಹೀಗೇ, ಇದೇ ಕ್ರಮದಲ್ಲಿ ಕೇಳಿಸಿಕೊಂಡಿದ್ದಾನೆ.
"ಇದನ್ನು ಬರೆದವನು ಸೇತುವೆಯಲ್ಲಿ ಕೆಲಸಕ್ಕಿದ್ದನೇನೋ"
ಎಂದು ಬೀಜವೊಂದನ್ನು ಹಲ್ಲಲ್ಲಿ ಒಡೆದು
ಅರ್ಧ ನನಗೆ ಕೊಟ್ಟ.

ಬರೆದವಳು ನಾನು ಅಂತ ಹೇಳಲಿಲ್ಲ.

ಹೇಳಿದ್ದರೆ ಇದನ್ನೂ ಹೇಳಬೇಕಿತ್ತು:
ಮೂರು ವರ್ಷದ ಹಿಂದೆ ಈ ಬಾಗಿಲು ಹಾರು ಹೊಡೆದಿತ್ತು.
ಯಾರು ಏನು ಕೊಟ್ಟರೂ ಹೊತ್ತು ನಡೆಯುತ್ತಿದ್ದ
ದಡ್ಡ, ಒಳ್ಳೆಯ ಸರ್ವರು.
ಒಂದೇ ರಾತ್ರಿ ನಲವತ್ತು ಸಾವಿರ ಕಾಗದ:
ಕೂದಲು ಬರಿಸುವ ಎಣ್ಣೆ, ಸುಳ್ಳು ಲಾಟರಿ,
ಸತ್ತ ಸಾಹುಕಾರನ ಆಸ್ತಿ,
ಎಲ್ಲದರ ಮೇಲೂ ನಮ್ಮ ವಿಳಾಸ.
ಬೆಳಗಾದಾಗ ಊರೂರಿನ ಕಪ್ಪು ಪಟ್ಟಿಯಲ್ಲಿ ನಾವು.
ಹನ್ನೊಂದು ದಿನ ಲಮಾರಾ ಬಿಲ್ಲುಗಳನ್ನು
ಮಿನಿಬಸ್ಸಿನ ಡ್ರೈವರನ ಕೈಲಿ ಕಳಿಸಿದಳು.
ಆಗ ಬರೆದದ್ದು ಆ ಸಾಲು.
ಬರೆದಾಗ ತಪ್ಪಿರಲಿಲ್ಲ. ಈಗಲೂ ತಪ್ಪಲ್ಲ.
ಅದೇ ಕಷ್ಟ.

ವಾಪಸ್ ರಸ್ತೆ ದಾಟುವಾಗ ಹೊಳೆಯಿತು.
ಹೋದ ವರ್ಷ ತಕ್ಕಡಿಯ ಹತ್ತಿರ ಹೋಗಲು
ನಾನು ರಸ್ತೆ ದಾಟಿರಲಿಲ್ಲ!
ಸೋಮವಾರ ಸಂಜೆ ಹೊಸ ಶೆಡ್ಡಿಗೆ ಸಾಗಿಸಿದ್ದಾರೆ,
ನನಗೊಂದು ಮಾತು ಹೇಳದೆ.
ಅಲ್ಲಿ ಅದಕ್ಕೆ ಬೇರೆ ನಂಬರು.
ಅದೇ ತಕ್ಕಡಿ, ಅದೇ ಕೈ, ಅದೇ ಗ್ರಾಮು;
ಇಪ್ಪತ್ತು ಹೆಜ್ಜೆ ಸರಿದದ್ದಕ್ಕೆ ಯಾರೋ.

ಇಡೀ ಶೆಡ್ಡಿಗೆ ಬಾಗಿಲು ತೆರೆಯಬಹುದಿತ್ತು, ಸುಲಭ.
ತಕ್ಕಡಿಯೊಂದಕ್ಕೇ ತೆರೆದೆ:
ಹತ್ತು ಅಂಕೆ, ಮೂರು ಚುಕ್ಕಿ.
ಬೆರಳು ತುಸು ತಡೆಯಿತು, ಆಮೇಲೆ ಒತ್ತಿತು.

ತಕ್ಕಡಿ ನೆನಪಿಟ್ಟಿದ್ದ ಚೀಟಿಗಳು ಹೊರಟವು.
ಇನ್ನೂರ ಐವತ್ತು. ಇನ್ನೂರ ಐವತ್ತು.
ಸರ್ವರಿನ ಭಾಷೆಯಲ್ಲಿ ಅದು 'ಹೂಂ'.
ಅಂಗಳದಲ್ಲಿ ಒಬ್ಬೊಬ್ಬರ ಫೋನೂ ಗುಂಯ್ ಎಂದಿತು,
ಒಬ್ಬೊಬ್ಬರೂ ಎದ್ದು ಪ್ಯಾಂಟು ಕೊಡವಿಕೊಂಡರು.

ಐದು ಗಂಟೆಗೆ ಜುಂಬೆರ್ ಮೆಟ್ಟಿಲ ಕೆಳಗೆ ಬಂದ,
ಸೇತುವೆ ಮುಚ್ಚುವ ಮುಂಚೆ ಬಸ್ಸು ಹಿಡಿಯಬೇಕು.
ಮೆಣಸಿನಕಾಯಿಗಳನ್ನು ಬಾಚಿ ಚೀಲಕ್ಕೆ ತುಂಬಿಕೊಂಡು,
ಸರ್ವರಿನ ಬೆನ್ನ ಮೇಲೆ ಅಂಗೈ ಇಟ್ಟು,
"ಬೆಚ್ಚಗಿದೆ ನೋಡು" ಅಂದ.