ಏಳು ಲಘು, ಎರಡು ಗುರು

ಬೆಳಿಗ್ಗೆ ಎಂಟೂವರೆಗೆ ತಂತಿ ಬಡಿದುಕೊಂಡಿತು.
ಪದಕ್ಕಿಷ್ಟು ಕಾಸೆಂದು ಎಣಿಸಿ ಎಣಿಸಿ ಬೆರಳಿಗೆ ಚಟ:
ಹದಿನೇಳು ಪದ. ಅದರಲ್ಲಿ ‘ವಿಷಾದ’ ಒಂದು,
‘ಏಸಾವ್ ಕೀಪಿಂಗ್’ ಎರಡು.
ಬರೆದೆ. ಮಡಿಸಿದೆ. ಏಪ್ರನ್ನಿನ ಜೇಬಿಗಿಟ್ಟೆ.
ಹೊರಗೆ ಆಗಲೇ ಬಿಸಿಲು.

ಹನ್ನೊಂದು ದಿನದ ಮಂಜು ಹರಿದು ಬಿದ್ದ ಬಿಸಿಲು.
ನ್ಯೂಫೌಂಡ್‌ಲೆಂಡಿನ ಈ ಬಂಡೆಯಂಚಿನಲ್ಲಿ
ಬಿಸಿಲೆಂದರೆ ವರ್ಷದ ಕೂಳು.
ಹದಿನಾಲ್ಕು ಮನೆಯ ಹೆಂಗಸರೂ ಅಟ್ಟಣಿಗೆಯ ಮೇಲೆ,
ಉಪ್ಪು ಕುಡಿದ ಕಾಡ್ ಮೀನು ಬಿಚ್ಚಿ ಹರವುತ್ತ,
ಚರ್ಮ ಕೆಳಗೆ, ಮಾಂಸ ಮೇಲೆ;
ಅವರ ನಡುವೆ ಥರ್ಜಾ, ಏಸಾವನ ತಾಯಿ,
ಮೊಣಕೈವರೆಗೂ ಉಪ್ಪು.

ಈಗ ಹೇಳಿದರೆ ಮೀನು ಕೆಡುತ್ತದೆ, ಅಂದುಕೊಂಡೆ.
ಅಂದುಕೊಂಡದ್ದು ಮೀನಿಗಾಗಿಯೋ, ಮುಂದಕ್ಕೆ ಬಾರದ
ನನ್ನ ಕಾಲಿಗಾಗಿಯೋ,
ಇವತ್ತಿಗೂ ಗೊತ್ತಿಲ್ಲ.

ಏಳು ವರ್ಷದವನಿದ್ದಾಗ ಮೀನಿನ ನಾಲಿಗೆ ಕತ್ತರಿಸಿ
ಡಜನ್ನಿನ ಲೆಕ್ಕದಲ್ಲಿ ಮಾರುತ್ತಿದ್ದ.
ನನಗೆ ಹನ್ನೊಂದೇ ಕೊಟ್ಟು,
‘ಹನ್ನೆರಡನೆಯದು ಏನೋ ಅಂದು ಓಡಿಹೋಯಿತು’ ಅನ್ನುತ್ತಿದ್ದ.
ನನ್ನ ಕಿಟಕಿಯ ಹೊರಗೆ ನಿಂತು ತಂತಿಯ ಭಾಷೆ ಕದ್ದ.
ತನ್ನ ಹೆಸರು ಕಲಿತ ದಿನ ಊರೆಲ್ಲ ಬಡಿದ:
ದೋಣಿಯ ಪಕ್ಕೆಗೆ, ಎಣ್ಣೆ ಪೀಪಾಯಿಗೆ, ಚರ್ಚಿನ ಬೆಂಚಿಗೆ,
ಪಾದ್ರಿ ಬಂದು ಕಿವಿ ಹಿಂಡುವವರೆಗೆ.

ಈಜು ಬರುತ್ತಿರಲಿಲ್ಲ. ಇಲ್ಲಿ ಯಾರಿಗೂ ಬರುವುದಿಲ್ಲ.
ಈ ನೀರಿನಲ್ಲಿ ಈಜು ಬಲ್ಲವನು
ಸಾಯಲು ತುಸು ಹೆಚ್ಚು ಹೊತ್ತು ಹಿಡಿಯುತ್ತಾನೆ, ಅಷ್ಟೆ.
ಅಜ್ಜ ನೀರಿಗೆ. ಅಪ್ಪ ನೀರಿಗೆ.
ಸೋದರಮಾವ ಸೀಲ್ ಬೇಟೆಗೆ ಹೋಗಿ ಹಿಮಕ್ಕೆ.
ಹಾಗಾಗಿ ಅವನು ಪಟ್ಟಣದಲ್ಲಿ ಹೆಸರು ಕೊಟ್ಟು,
ಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದು ನಿಂತಾಗ
ಥರ್ಜಾ ಅಳಲಿಲ್ಲ. ನನ್ನ ಕಿವಿಯಲ್ಲಿ ಅಂದಳು:
“ಇವನಾದರೂ ನೆಲದ ಮೇಲಿರುತ್ತಾನೆ, ಬಿಡು.”

ಫ್ರಾನ್ಸಿನಿಂದ ಒಂದೇ ಕಾಗದ. ನಾನೇ ಓದಿ ಹೇಳಿದ್ದು.
‘ಅಮ್ಮ, ಇಲ್ಲಿಯ ಮಣ್ಣು ನೀನು ನೋಡಬೇಕು.
ಮೊಳ ಅಗೆದರೂ ಗುದ್ದಲಿಗೆ ಕಲ್ಲು ತಾಗುವುದಿಲ್ಲ.
ಕಡಲಪಾಚಿ ಹೊತ್ತು, ಮೀನು ಕೊಳೆಸಿ,
ಬಟಾಟೆಗೆಂದು ಬೊಗಸೆ ಬೊಗಸೆ ಮಣ್ಣು ಮಾಡಿದೆವಲ್ಲ ನಾವು,
ಇಲ್ಲಿ ಸುಮ್ಮನೆ ಬಿದ್ದಿದೆ. ಯಾರೂ ಬಿತ್ತುತ್ತಿಲ್ಲ.
ನಾವು ಅದರೊಳಗೇ ಮಲಗುತ್ತೇವೆ.’
ಥರ್ಜಾ ಒಂದು ಸಾಲನ್ನು ಮತ್ತೆ ಓದಿಸಿದಳು,
ಗುದ್ದಲಿಗೆ ಕಲ್ಲು ತಾಗದ ಸಾಲು.

ಹತ್ತೊಂಬತ್ತು ವರ್ಷ, ನಾಲ್ಕು ತಿಂಗಳು.
ಹುಡುಗಿ ಯಾರಾದರೂ ಇದ್ದಳೋ ಏನೋ, ಹೇಳಿರಲಿಲ್ಲ.
ಮೀಸೆ ಬಲಿತಿತ್ತೋ ಇಲ್ಲವೋ.
ತಂತಿ ಅದನ್ನೆಲ್ಲ ಹೇಳುವುದಿಲ್ಲ.
ತಂತಿ ಹೇಳಿದ್ದು ಜುಲೈ, ಒಂದನೇ ತಾರೀಖು.
ಮೂರು ವಾರದಿಂದ ಅವನು ಸತ್ತಿದ್ದ,
ಮೂರು ವಾರದಿಂದ ನಾವು ಅವನಿಗೆ ಕಾಲುಚೀಲ ಹೆಣೆಯುತ್ತಿದ್ದೆವು.

ಸಂಜೆ ನಾಲ್ಕಕ್ಕೆ ಕಡಲಿನಿಂದ ಮಂಜು ಎದ್ದಿತು.
ಹೆಂಗಸರು ಮೀನು ಮಗುಚಿ ಗುಪ್ಪೆ ಹಾಕತೊಡಗಿದರು,
ಚರ್ಮ ಮೇಲೆ, ಮಾಂಸ ಕೆಳಗೆ.
ಆಗ ಹೋದೆ.
ಥರ್ಜಾ ನನ್ನ ಮುಖ ನೋಡಲಿಲ್ಲ, ಜೇಬು ನೋಡಿದಳು.
“ಎಷ್ಟು ಹೊತ್ತಿಗೆ ಬಂತು?”
“ಬೆಳಿಗ್ಗೆ.”
ಸುಮ್ಮನಿದ್ದಳು. ಬೈದಿದ್ದರೆ ಚೆನ್ನಾಗಿತ್ತು.
“ನೀರಿನಲ್ಲೋ?”
“ಅಲ್ಲ. ನೆಲದ ಮೇಲೆ.”
“ನೆಲದ ಮೇಲೆ,” ಅಂದಳು,
ತೂಕದಲ್ಲಿ ಮೋಸ ಮಾಡಿದ ಸಾಹುಕಾರನೆದುರು
ಅವನದೇ ಲೆಕ್ಕ ಓದಿ ಹೇಳುವ ಹಾಗೆ.

ಆಮೇಲೆ ಉಪ್ಪುಗೈಯನ್ನು ಹಲಗೆಯ ಮೇಲಿಟ್ಟು,
“ಅವನ ಹೆಸರು ತಂತಿಯಲ್ಲಿ ಹೇಗೆ ಬಂತು? ಬಡಿದು ತೋರಿಸು.”
ಬಡಿದೆ.
ಒಂದು ಲಘು. ಲಘು ಲಘು ಲಘು.
ಲಘು, ಗುರು. ಲಘು ಲಘು, ಗುರು.
“ಇಷ್ಟೇನಾ?”
ಇಷ್ಟೇ.
“ಇನ್ನೊಮ್ಮೆ.”

ಮಂಜು ಹಲಗೆಯನ್ನು ಮುಚ್ಚಿತು, ನನ್ನ ಗೆಣ್ಣು ಮುಚ್ಚಿತು.
ಇನ್ನೊಮ್ಮೆ, ಅಂದಳು ಒಳಗಿನಿಂದ.
ಕೊನೆಯ ಸಾಲಿನ ಮೀನು ಗುಪ್ಪೆ ಹಾಕಲು
ಇಬ್ಬರೂ ಮರೆತಿದ್ದೆವು.