ಚುನ್ನಿ

ಕಪನೂರಿನ ದಾಲ್ ಮಿಲ್ಲಿನ್ಯಾಗ ಊಟದ ಗಂಟಿ ಹೊಡದಾಗ
ಟಂಟಂನಿಂದ ಇಳದ್ಳು ಸಬಿಹಾ, ಯುನಿವರ್ಸಿಟಿಯಾಕಿ.
ತೂಕದ ಕಾಟಾ ಸರಿಸಿ, ಚೀಲದ ಮ್ಯಾಲ ಬಿಳಿ ಅರಿವಿ ಹಾಸಿ
ದುರ್ಬೀನು ಇಟ್ಟಳು, ಹಸುಗೂಸು ಮಲಗಿಸಿದಂಗ.

"ಏನು ಮಾರ್ತೀಯವ್ವ?" ಅಂದ ಮುಕಾದಮ ಹಣಮಂತ್ರಾಯ.
"ಏನಿಲ್ರಿ ಕಾಕಾ, ತೋರಸ್ಲಾಕ ಬಂದೀನಿ."
ಮಾರದೆ ತೋರಸೋರನ್ನ ನಾವು ನೋಡಿಲ್ಲ,
ಅದಕ್ಕೇ ರೊಟ್ಟಿ ಕೈಯಾಗ ಹಿಡಕೊಂಡೇ ನಿಂತ್ವಿ.

ಮೊದಲು ತೊಗರಿ. ರಾತ್ರಿ ನೆನಸಿ ಅರದದ್ದು.
ಚಿಟಿಕಿ ಉಪ್ಪು, ಭಾಂಡೆ ತಿಕ್ಕೋ ಸಾಬಣದ ನೀರು,
ಸೋಸಿ, ಅಂಚಿಗುಂಟ ಹಗೂರಕ ತಣ್ಣನ ಸ್ಪಿರಿಟ್.
ಸ್ವಲ್ಪ ಹೊತ್ತು ಏನೂ ಇಲ್ಲ. ದವಾಖಾನಿ ವಾಸನಿ ಅಷ್ಟೇ.
ಆಮ್ಯಾಲ ಎರಡೂ ನೀರು ಕೂಡೋ ಗೆರಿಯಿಂದ
ಒಂದು ಬಿಳಿ ಎಳಿ ಎದ್ದಿತು, ಹಿಂದ ಇನ್ನೊಂದು,
ಹಾಲಿನ್ಯಾಗ ಬೆಂದ ಶಾವಿಗಿ ಹಂಗ.
"ಯಾವಾಗ ಹೂ ಬಿಡಬೇಕು,
ನೆಟೆರೋಗ ಬಂದ್ರ ಹ್ಯಾಂಗ ತಡಕೋಬೇಕು,
ಎಲ್ಲಾ ಇದರಾಗೇ ಬರದದ. ನಿಮ್ಮ ಚುನ್ನ್ಯಾಗೂ ಇದೇ ಅದ."

ಚುನ್ನಿ!
ಹನ್ನೆರಡು ವರ್ಷ ನಾ ಕೇರಿ ಕೇರಿ ದನಕ್ಕ ಕಳಿಸಿದ್ದು.
ಬ್ಯಾಳಿ ಒಡದಾಗ ಉದುರೋ ಸಣ್ಣ ಮೂಗು,
ಮೊಳಕಿ ಅಲ್ಲಿಂದನೇ ಅಂತ.

ಆಮ್ಯಾಲ ನನ್ನ ಪಾಳಿ. ಕಡ್ಡಿಲೇ ಗಲ್ಲದ ಒಳಗ ಕೆರಕೋರಿ ಅಂದ್ಳು,
ಗಾಜಿಗಿ ಒರಸಿ, ನೀಲಿ ಹನಿ ಬಿಟ್ಟಳು.
ಒಂದು ಕಣ್ಣು ಮುಚ್ಚಿ ನೋಡಿದೆ:
ಮುರದ ಹಪ್ಪಳದ ಚೂರುಗೋಳು, ಒಂದೊಂದರ ನಡುವ
ಒಂದೊಂದು ಸಾಸಿವಿ ಕಾಳು.
"ಅದು ನೀವೇ, ಭಾಗಮ್ಮಕ್ಕ."
ನಾನು? ಇಷ್ಟೊಂದು ಮಂದಿ?
"ಪಗಾರ ಮಾತ್ರ ಒಬ್ಬಾಕಿದೇ," ಹಿಂದಿಂದ ರತ್ನಾಬಾಯಿ ನಕ್ಕಳು.

ನಗು ನಿಂತ ಮ್ಯಾಲ, ಯಾರಿಗೂ ಕೇಳಸದಂಗ ಕೇಳಿದೆ:
ನಮ್ಮವ್ವನ ಕೈ ನಡಗತಿದ್ವು. ಅಕಿ ಅವ್ವಂದೂ.
ಆ ಸಾಸಿವಿ ಒಳಗ ಅದೂ ಬರದದ ಏನು?

ಸಬಿಹಾ ದುರ್ಬೀನು ಬಿಟ್ಟು ನನ್ನ ಮಾರಿ ನೋಡಿದಳು.
"ಇರಬಹುದು. ಇದರಾಗ ಕಾಣಂಗಿಲ್ಲ, ಅದಕ್ಕ ಬ್ಯಾರೇ ಪರೀಕ್ಷಾ ಅವ.
ಎಷ್ಟೋ ಮಂದಿಗಿ ಯಾಕ ಬರ್ತದ, ನಮಗೂ ಗೊತ್ತಿಲ್ಲಕ್ಕ.
ಅದನ್ನೇ ಹುಡಕ್ತೀವಿ."

ಗೊತ್ತಿಲ್ಲ ಅಂದ್ರ ಇಲ್ಲಿ ಹಾಜರಿ ಕಟ್.
ಅಲ್ಲಿ ಅದೇ ಕೆಲಸ ಅಂತ.
ತಾಯತ ಕಟ್ಟಿದವ್ರು, ಟಾನಿಕ್ ಕೊಟ್ಟವ್ರು,
ಎಲ್ಲಾರಿಗೂ ಗೊತ್ತಿತ್ತು ನಮ್ಮವ್ವಂದು.
ಈಕಿ ಒಬ್ಬಾಕಿ ಗೊತ್ತಿಲ್ಲ ಅಂದ್ಳು.

ಗಂಟಿ ಆಯ್ತು. ಬೆಲ್ಟು ತಿರಗಿತು.
ಸಾಣಿಗಿ ಹಿಡದೆ, ಚುನ್ನಿ ಉದುರ್ಲಾಕ ಹತ್ತಿತು.
ಸಾಣಿಗಿ ನಡಗತಿತ್ತು.
ಮಶೀನಿಂದೋ ಅಂತ
ಒಂದು ಗಳಿಗಿ ಕೈ ತಗದು, ಗಾಳ್ಯಾಗ ಚಾಚಿ ನೋಡಿದೆ.